ಮೀನಿನ ಮೇಲಿನ ದೂರು

ದೋನ್ ಸಾಯ್
ಫೆಬ್ರವರಿ ೧೯, ೨೦೨೩

ಕಪ್ಪೆಮರಿ,

ನಿನ್ನ ಗಂಡ ಸುಲಿಯಾ ಪಕ್ಕದ ಮನೆಗೆ ಫೋನ್ ಮಾಡಿ ಹೇಳಿದನಂತೆ. ಪಕ್ಕದ ಮನೆಯವನು ಬೇಲಿ ಹತ್ತಿರ ನಿಂತು ಕೂಗಿದ, ನನಗೆ ಕೇಳಿಸಲಿಲ್ಲ. ಕೊನೆಗೆ ಅವನ ಹೆಂಡತಿ ಬಂದು ಹೊಟ್ಟೆ ಮುಂದೆ ಕೈ ಗುಂಡಗೆ ತಿರುಗಿಸಿ ತೋರಿಸಿದಳು. ನಿನಗೇನೋ ಹೊಟ್ಟೆನೋವು ಬಂದಿದೆ ಅಂದ್ಕೊಂಡು ನಾನು ಚಪ್ಪಲಿ ಹುಡುಕಿದೆ. ಅವರೆಲ್ಲ ಬಿದ್ದು ಬಿದ್ದು ನಕ್ಕ ಮೇಲೆ ನನಗೆ ಅರ್ಥವಾಯ್ತು. ಆಮೇಲೆ ನಮ್ಮ ಕಂಬದ ಮನೆಯ ಏಣಿ ಮೆಟ್ಟಿಲ ಮೇಲೆ ಕೂತು ಸ್ವಲ್ಪ ಅತ್ತೆ, ಅದನ್ನು ನಿನಗೆ ಬೇರೆ ಯಾರಾದರೂ ಹೇಳೋ ಮುಂಚೆ ನಾನೇ ಹೇಳ್ತಿದ್ದೀನಿ.

ಅದಕ್ಕೇ ಹೇಳೋದು, ಫೋನು ಬೇಡ, ಕಾಗದ ಬರಿ. ಪಾಕ್ಸೆ ಬಸ್ಸಿನ ಡ್ರೈವರ್ ಕೈಗೆ ಕೊಟ್ಟರೆ ಎರಡು ದಿನದಲ್ಲಿ ನನ್ನ ದೋಣಿಗಟ್ಟೆಗೆ ಬರುತ್ತೆ. ಫೋನಿನಲ್ಲಿ ನೀನು ಕೂಗಿದರೆ ಊರಿಗೆಲ್ಲ ಕೇಳುತ್ತೆ, ನನಗೊಬ್ಬನಿಗೆ ಕೇಳೋದಿಲ್ಲ. ಮೀನು ಹಿಡಿಯೋದು ಬಿಟ್ಟು ಇಂಜಿನ್ ದೋಣಿ ಓಡಿಸೋಕೆ ಶುರು ಮಾಡಿದೆನಲ್ಲ, ಹತ್ತು ವರ್ಷದಲ್ಲಿ ಆ ಇಂಜಿನ್ನು ನನ್ನ ಎರಡೂ ಕಿವಿ ತಿಂದು ಹಾಕ್ತು. ಕಣ್ಣನ್ನು ಮಾತ್ರ ಬಿಟ್ಟಿದೆ, ಪುಣ್ಯ.

ಚೊಚ್ಚಲು ಹೆರಿಗೆ ತವರಲ್ಲೇ ಆಗಬೇಕು. ಬಾಣಂತಿ ಮಂಚಕ್ಕೆ ಬಿದಿರು ಕಡಿದು ಹೊಳೆಯಲ್ಲಿ ನೆನೆಹಾಕಿದ್ದೀನಿ. ಮಂಚದ ಕೆಳಗೆ ಕೆಂಡ ಇಡೋಕೆ ಹುಣಸೆ ಕಟ್ಟಿಗೆ ಒಣಗ್ತಾ ಇದೆ, ಹೊಗೆ ಬರೋದಿಲ್ಲ. ನೀನು ಹುಟ್ಟಿದಾಗ ನಿನ್ನಮ್ಮ ಹದಿನೈದು ದಿನ ಆ ಬಿಸಿಯಲ್ಲಿ ಮಲಗಿದ್ದಳು. ಎದ್ದು ಬಂದಾಗ ನೋಡಬೇಕಿತ್ತು, ಹದಿನೆಂಟರ ಹುಡುಗಿ ಹಾಗಿದ್ದಳು.

ನಿನ್ನ ದೊಡ್ಡಮ್ಮ ಬುವಾಫನ್‌ಗೂ ಸುದ್ದಿ ಮುಟ್ಟಿದೆ. ನಿನ್ನಮ್ಮ ಹೋದಾಗಿನಿಂದ, ಹನ್ನೊಂದು ವರ್ಷ, ನನ್ನ ಜೊತೆ ಅವಳಿಗೆ ಮಾತಿಲ್ಲ. ದೋಣಿಯಲ್ಲಿ ಎದುರಾದರೆ ಮುಖ ಆ ದಡಕ್ಕೆ ತಿರುಗಿಸ್ತಾಳೆ. ಆದರೆ ತಂಗಿ ಮಗಳ ಬಾಣಂತನ ಅಂದರೆ ಬಂದೇ ಬರ್ತಾಳೆ. ಬಂದು ಮಾತಾಡದೆ ಮಾಡಿಕೊಂಡು ಹೋಗಲಿ. ನನಗೂ ಹೇಗೂ ಕೇಳಿಸೋದಿಲ್ಲ, ಇಬ್ಬರಿಗೂ ಅನುಕೂಲ.

ಹೊಟ್ಟೆ ತಣ್ಣಗಿರಲಿ.

ನಿನ್ನ ಅಪ್ಪ
ಥಾವೋನ್


ವಿಯೆಂಟಿಯಾನ್
ಮಾರ್ಚ್ ೨೨, ೨೦೨೩

ಅಪ್ಪಾ,

ನಿನ್ನ ಕಾಗದ ಸುಲಿಯಾಗೆ ಓದಿ ಹೇಳಿದೆ. ಚಪ್ಪಲಿ ಹುಡುಕಿದ ಕಥೆ ಈಗ ಅವನ ಗ್ಯಾರೇಜಿಗೆಲ್ಲ ಗೊತ್ತು.

ನಾನು ಚೆನ್ನಾಗಿದ್ದೀನಿ. ಬೆಳಿಗ್ಗೆ ಹೊತ್ತು ಸ್ವಲ್ಪ ವಾಂತಿ. ಹೊಲಿಗೆ ಅಂಗಡಿಗೆ ಹೋಗ್ತಾ ಇದ್ದೀನಿ. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದರು.

ಅಪ್ಪ, ಹೆರಿಗೆಗೆ ಊರಿಗೆ ಬರೋದಕ್ಕೆ ಆಗೋದಿಲ್ಲ ಅನ್ಸುತ್ತೆ. ಇಲ್ಲೇ ಆಸ್ಪತ್ರೆಯಲ್ಲಿ ಆದರೆ ಒಳ್ಳೇದು. ಕಾರಣ ಇದೆ, ಆಮೇಲೆ ಬರೀತೀನಿ. ಬೇಜಾರು ಮಾಡ್ಕೋಬೇಡ.

ನಿನ್ನ ಮಗಳು
ಲತ್ಸಮಿ


ದೋನ್ ಸಾಯ್
ಏಪ್ರಿಲ್ ೪, ೨೦೨೩

ಲತ್ಸಮಿ,

ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಬರೆದಿದ್ದೀಯ. ಕಾರಣ ಇದೆಯಂತೆ, ಆಮೇಲೆ ಬರೀತಾಳಂತೆ. ಆ ನಾಲ್ಕು ಸಾಲನ್ನು ನಾನು ಎಂಟು ಸಲ ಓದಿದೆ, ಒಳಗೆ ಏನೂ ಸಿಗಲಿಲ್ಲ.

ನಿನ್ನ ಅತ್ತೆ ಬೇಡ ಅಂದಳಾ? ನಮ್ಮ ಮನೆಯಲ್ಲಿ ಹೆಂಗಸಿಲ್ಲ ಅಂತ ಯಾರಾದರೂ ಆಡಿಕೊಂಡರಾ? ಇಲ್ಲ, ಅಪ್ಪನ ಕೈಯ ಊಟ ಅಂದರೆ ನಿನಗೆ ಇನ್ನೂ ಹೆದರಿಕೆಯಾ?

ಮಂಚ ಮುಗಿದಿದೆ. ಸದ್ಯಕ್ಕೆ ಅದರ ಮೇಲೆ ಕೋಳಿಗಳು ಮಲಗ್ತಾ ಇವೆ. ಈ ತಿಂಗಳ ಹೊಸ ವರ್ಷದ ನೀರಾಟಕ್ಕಾದರೂ ಬಾ ಅಂತ ಕರೆಯೋಣ ಅಂದ್ಕೊಂಡೆ. ಬೇಡ, ಬಸ್ಸಿನ ಕುಲುಕಾಟ ನಿನಗೀಗ ಆಗೋದಿಲ್ಲ.

ಅಪ್ಪ


ವಿಯೆಂಟಿಯಾನ್
ಏಪ್ರಿಲ್ ೨೧, ೨೦೨೩

ಅಪ್ಪಾ,

ಅತ್ತೆ ಏನೂ ಅಂದಿಲ್ಲ. ಯಾರೂ ಆಡಿಕೊಂಡಿಲ್ಲ. ನಿನ್ನ ಕೈಯ ಊಟದ ಮಾತಂತೂ ಓದಿ ಹೊಲಿಗೆ ಮೆಷಿನ್ನಿನ ಮೇಲೆ ತಲೆಯಿಟ್ಟು ಅತ್ತೆ. ಇನ್ನು ಮುಚ್ಚಿಟ್ಟರೆ ನೀನು ಇನ್ನೂ ಕೆಟ್ಟದ್ದೇನೋ ಕಟ್ಟಿಕೊಳ್ತೀಯ, ಅದಕ್ಕೆ ಹೇಳಿಬಿಡ್ತೀನಿ.

ನನ್ನ ರಕ್ತದಲ್ಲಿ ಹೆಪಟೈಟಿಸ್ ಬಿ ಇದೆ. ಲಿವರಿಗೆ ಬರೋ ವೈರಸ್ಸು. ನನಗೆ ಸುಸ್ತಿಲ್ಲ, ಕಣ್ಣು ಹಳದಿಯಾಗಿಲ್ಲ, ಏನೂ ಇಲ್ಲ. ಎಷ್ಟೋ ವರ್ಷ ಹೀಗೇ ಸದ್ದಿಲ್ಲದೆ ಕೂತಿರುತ್ತಂತೆ. ಕಷ್ಟ ಇರೋದು ಮಗುವಿಗೆ. ಹುಟ್ಟೋ ಹೊತ್ತಿನಲ್ಲಿ ತಾಯಿಯಿಂದ ಮಗುವಿಗೆ ದಾಟುತ್ತೆ. ನನ್ನ ರಕ್ತದಲ್ಲಿ ವೈರಸ್ಸು ತುಂಬಾ ಜಾಸ್ತಿ, ಏನೂ ಮಾಡದೆ ಬಿಟ್ಟರೆ ಇಂಥ ಹತ್ತು ತಾಯಂದಿರ ಮಕ್ಕಳಲ್ಲಿ ಏಳೆಂಟು ಮಕ್ಕಳಿಗೆ ಬರುತ್ತಂತೆ. ಅಷ್ಟು ಚಿಕ್ಕದರಲ್ಲಿ ಬಂದರೆ ಬಿಟ್ಟು ಹೋಗೋದೇ ಇಲ್ಲ. ನಲವತ್ತು, ಐವತ್ತು ವರ್ಷಕ್ಕೆ ಲಿವರನ್ನು ತಿಂದುಹಾಕುತ್ತೆ.

ಇಲ್ಲಿ ಒಂದು ಅಧ್ಯಯನ ನಡೀತಿದೆ. ಪಿಂಫಾ ಅಕ್ಕ ಅಂತ ಒಬ್ಬ ನರ್ಸ್ ನೋಡ್ಕೋತಾರೆ. ತುಂಬ ಜೋರು, ಆದರೆ ಒಳ್ಳೆಯವರು. ನನ್ನ ಥರದ ಬಸುರಿಯರಿಗೆ ಆರನೇ ತಿಂಗಳಿನಿಂದ ದಿನಕ್ಕೊಂದು ಮಾತ್ರೆ ಕೊಡ್ತಾರೆ. ಅದರಿಂದ ರಕ್ತದಲ್ಲಿ ವೈರಸ್ಸು ಇಳಿಯುತ್ತೆ. ಮಗು ಹುಟ್ಟಿದ ತಕ್ಷಣ, ಒಂದು ದಿನ ದಾಟೋದರೊಳಗೆ, ಲಸಿಕೆ ಹಾಕಲೇಬೇಕು. ಕೈಯಲ್ಲಿ ದುಡ್ಡಿರೋ ದೇಶಗಳಲ್ಲಿ ಮಗುವಿಗೆ ಇನ್ನೊಂದು ಇಂಜೆಕ್ಷನ್ ಕೂಡ ಕೊಡ್ತಾರಂತೆ, ನಮ್ಮ ಕಡೆ ಅದು ಸಿಗೋದೇ ಕಷ್ಟ. ಅದಿಲ್ಲದೆ ಮಾತ್ರೆ, ಲಸಿಕೆ ಎರಡರಲ್ಲೇ ಮಗುವನ್ನು ಉಳಿಸಿಕೊಳ್ಳಬಹುದಾ ಅಂತ ಇವರು ನೋಡ್ತಿರೋದು. "ಉಳಿಯುತ್ತಾ ಅಕ್ಕ?" ಅಂತ ಕೇಳಿದೆ. "ಉಳಿಯುತ್ತೆ ಅಂತಲೇ ಮಾಡ್ತಿರೋದು. ಬರೆದುಕೊಡು ಅಂದರೆ ಮಾತ್ರ ಕೊಡೋಕಾಗಲ್ಲ ತಾಯಿ" ಅಂದರು. ನಾನು ಸಹಿ ಹಾಕಿದೆ.

ನಮ್ಮ ದ್ವೀಪದಲ್ಲಿ ಲಸಿಕೆ ಇಡೋಕೆ ಫ್ರಿಜ್ಜಿಲ್ಲ. ನನ್ನ ದಿನ ತುಂಬೋದು ಆಗಸ್ಟ್ ಕೊನೆಗೆ, ಹೊಳೆ ಉಕ್ಕೋ ಕಾಲ. ದೊಡ್ಡ ದ್ವೀಪದ ಆಸ್ಪತ್ರೆಗೆ ಆಗ ದಾಟೋಕೆ ನಿನ್ನ ಕೈಲೂ ಆಗೋದಿಲ್ಲ, ಒಪ್ಪಿಕೋ. ಕಾರಣ ಇಷ್ಟೇ.

ಲತ್ಸಮಿ


ದೋನ್ ಸಾಯ್
ಮೇ ೩, ೨೦೨೩

ಮಗಳೇ,

ಓದಿದ ಮೇಲೆ ಎರಡು ದಿನ ದೋಣಿ ಬಿಡಲಿಲ್ಲ. ಇಂಜಿನ್ ಕೆಟ್ಟಿದೆ ಅಂತ ಸುಳ್ಳು ಹೇಳಿದೆ.

ಲಿವರ್ ಅಂದರೆ ನಮ್ಮ ಹೊಳೆ ಕಡೆಯವರಿಗೆ ಹೇಳಿಕೊಡಬೇಕಾ? ಇದು ಹಸಿಮೀನಿನ ಹುಳ. ವೈರಸ್ಸು ಗಿರಸ್ಸು ಅಂತ ಪಟ್ಟಣದವರು ಇಟ್ಟಿರೋ ಹೆಸರು ಅಷ್ಟೇ. ನಿನ್ನಮ್ಮನಿಗೆ ಬಂದಿದ್ದೂ ಅದೇ. ನಾನು ಹಿಡಿದು ತಂದು, ನಾನೇ ಸಣ್ಣಗೆ ಕೊಚ್ಚಿ, ನಿಂಬೆಹುಳಿ ಹಿಂಡಿ, ಹುರಿದ ಅಕ್ಕಿಪುಡಿ ಕಲಸಿ ಕೊಡ್ತಿದ್ದೆ. ನಾನು ಮಾಡಿದ ಹಸಿಮೀನಿಗೆ ಇಡೀ ದಡದವರು ಅನ್ನದ ಬುಟ್ಟಿ ಹಿಡಿದು ಬರ್ತಿದ್ದರು. ಅವಳಿಗೆ ಅದು ಪ್ರಾಣ, ಹೋಗಿದ್ದೂ ಅದರಿಂದಲೇ. ನಿನಗೂ ಚಿಕ್ಕಂದಿನಲ್ಲಿ ನಾನೇ ತಿನ್ನಿಸಿದೆ. ಹಾಗಾದರೆ ನಿನ್ನದೂ ನನ್ನ ಕೈಯದೇ.

ಹುಳದ ಮಾತ್ರೆ ಬಾಳೆಲೆಯಲ್ಲಿ ಸುತ್ತಿ ಇದರ ಜೊತೆ ಕಳಿಸ್ತಿದ್ದೀನಿ. ವರ್ಷಕ್ಕೊಂದು ಸಲ ನಮಗೆ ಪುಕ್ಕಟೆ ಹಂಚ್ತಾರಲ್ಲ, ಅದು. ನನ್ನ ಪಾಲಿನದು ನುಂಗದೆ ಎತ್ತಿಟ್ಟಿದ್ದೆ. ತಗೋ, ಹುಳ ಸತ್ತರೆ ಎಲ್ಲ ಸರಿಹೋಗುತ್ತೆ. ಆಮೇಲೆ ಹೆರಿಗೆಗೆ ಮನೆಗೆ ಬಾ.

ಅಪ್ಪ


ವಿಯೆಂಟಿಯಾನ್
ಮೇ ೨೬, ೨೦೨೩

ಅಪ್ಪಾ,

ಮಾತ್ರೆ ಬಂತು. ಪಿಂಫಾ ಅಕ್ಕನಿಗೆ ತೋರಿಸಿದೆ. ಮೊದಲು ನಕ್ಕರು, ಆಮೇಲೆ ಬಾಳೆಲೆ ಬಿಚ್ಚಿ ಹಾಗೇ ನೋಡ್ತಾ ಕೂತರು. "ನಿಮ್ಮಪ್ಪ ತನ್ನ ಪಾಲಿಂದು ಕಳಿಸಿದ್ದಾರಾ? ವಾಪಸ್ ಕಳಿಸು, ಅವರೇ ನುಂಗಲಿ" ಅಂದರು. ಇದರ ಜೊತೆ ಇಟ್ಟಿದ್ದೀನಿ, ನುಂಗು.

ಅಪ್ಪ, ಹುಳ ಬೇರೆ, ಇದು ಬೇರೆ. ಹಸಿಮೀನಿನಲ್ಲಿ ಹುಳ ಇರೋದು ನಿಜ, ಅದೂ ಲಿವರಿಗೆ ಕೆಟ್ಟದ್ದೇ. ಅದಕ್ಕೇ ನಮ್ಮ ಕಡೆ ಯಾರ ಲಿವರ್ ಕೆಟ್ಟರೂ ಮೀನಿನ ಮೇಲೆ ದೂರು ಹೊರಿಸಿ ಸುಮ್ಮನಾಗ್ತಾರೆ, ಹುಳದ ಮಾತ್ರೆ ನುಂಗಿ ವಾಸಿಯಾಯ್ತು ಅಂದ್ಕೋತಾರೆ, ರಕ್ತ ನೋಡಿಸೋದೇ ಇಲ್ಲ. ದಕ್ಷಿಣದಿಂದ ಬರೋ ಎಲ್ಲರೂ ಇದೇ ತಪ್ಪು ಮಾಡ್ತಾರೆ ಅಂತ ಅಕ್ಕ ತಲೆ ಚಚ್ಚಿಕೊಳ್ತಾರೆ. ಈ ವೈರಸ್ಸು ಮೀನಿನಿಂದ ಬರೋದಿಲ್ಲ. ಒಂದೇ ಬುಟ್ಟಿಯ ಅನ್ನ ತಿಂದರೆ ಬರೋದಿಲ್ಲ, ಮುದ್ದಾಡಿದರೆ ಬರೋದಿಲ್ಲ. ಶುರುವಿನಲ್ಲಿ ನಾನೂ ಹೆದರಿ ನನಗೆ ಅಂತ ಬೇರೆ ಅನ್ನದ ಬುಟ್ಟಿ ತಂದಿಟ್ಟುಕೊಂಡಿದ್ದೆ. ಸುಲಿಯಾ ಅದರಲ್ಲಿ ಸ್ಪ್ಯಾನರು, ನಟ್ಟು ಬೋಲ್ಟು ತುಂಬಿ ಗ್ಯಾರೇಜಿಗೆ ತಗೊಂಡು ಹೋದ. ಅವನ ರಕ್ತ ಸರಿಯಿದೆ, ಲಸಿಕೆ ಹಾಕಿಸಿಕೊಂಡಿದ್ದಾನೆ.

ಇದು ರಕ್ತದಿಂದ ರಕ್ತಕ್ಕೆ ಬರೋದು. ನನಗೆ ಹುಟ್ಟುವಾಗಲೇ ಬಂದಿರಬೇಕು ಅಂತಾರೆ. ಅಂದರೆ ಅಮ್ಮನಿಂದ. ಅಮ್ಮನ ರಕ್ತ ಯಾರೂ ನೋಡಲಿಲ್ಲ, ಈಗ ಖಂಡಿತ ಹೀಗೇ ಅಂತ ಯಾರಿಂದಲೂ ಹೇಳೋಕಾಗಲ್ಲ. ಆದರೆ ಅವಳನ್ನು ತಗೊಂಡು ಹೋಗಿದ್ದು ಇದೇ ಇರಬೇಕು. ನಿನ್ನ ಮೀನಲ್ಲ ಅಪ್ಪ.

ಇದನ್ನು ಬರೆದು ಮೂರು ದಿನ ಮಡಚಿಟ್ಟಿದ್ದೆ.

ಲತ್ಸಮಿ


ದೋನ್ ಸಾಯ್
ಜೂನ್ ೧೪, ೨೦೨೩

ಲತ್ಸಮಿ,

ನನಗೆ ಓದೋಕೆ ಬರುತ್ತೆ, ಅರ್ಥನೂ ಆಯ್ತು. ಆದರೆ ಒಂದು ಮಾತು ಕೇಳ್ತೀನಿ, ಅಪ್ಪನ ಮಾತು ಅಂತ ನಡೆಸಿಕೊಡು. ಇದನ್ನು ಊರಲ್ಲಿ ಯಾರಿಗೂ ಹೇಳಬೇಡ. ದೊಡ್ಡಮ್ಮನಿಗಂತೂ ಬೇಡವೇ ಬೇಡ.

ಮೀನು ಅಂತಲೇ ಇರಲಿ. ಹನ್ನೊಂದು ವರ್ಷ ಹೊತ್ತಿದ್ದೀನಿ, ಹೆಗಲಿಗೆ ಒಗ್ಗಿಹೋಗಿದೆ. ಈಗ ಅದನ್ನು ಇಳಿಸಿ ನಿನ್ನಮ್ಮನ ತಲೆ ಮೇಲೆ ಇಡಬೇಕಾ? ಮಗಳಿಗೆ ರೋಗ ಕೊಟ್ಟವಳು ಅಂತ ಊರು ಅನ್ನಬೇಕಾ? ಅವಳು ನಿನಗೆ ಸೊಳ್ಳೆ ಕಚ್ಚಿದರೂ ರಾತ್ರಿಯೆಲ್ಲ ಬೀಸಣಿಗೆ ಬೀಸ್ತಾ ಕೂತಿರ್ತಿದ್ದಳು. ನಿನ್ನಮ್ಮ ಚಂಪೇಂಗ್ ಅಂದರೆ ಈ ದಡದಲ್ಲಿ ಇವತ್ತಿಗೂ ಒಳ್ಳೆ ಹೆಸರು. ನನ್ನ ಹೆಸರಾದರೆ ಆಗಲೇ ಕೆಟ್ಟಿದೆ, ಅದಕ್ಕೆ ಇನ್ನೇನು ಆಗಬೇಕು.

ನೀನು ಅಲ್ಲೇ ಹೆರು. ಮಾತ್ರೆ ತಪ್ಪಿಸಬೇಡ. ಬಾಣಂತಿ ಮಂಚ ಬಿಚ್ಚಿ ಕಟ್ಟಿ ಬಸ್ಸಿನ ಮೇಲೆ ಹಾಕಿಸ್ತೀನಿ, ಕೋಳಿಗಳಿಗೆ ಬೇರೆ ಜಾಗ ನೋಡಿದ್ದೀನಿ. ಹಾಲು ಕೊಡಬಹುದಾ, ಕೇಳಿ ಬರಿ.

ಅಪ್ಪ


ವಿಯೆಂಟಿಯಾನ್
ಜುಲೈ ೨, ೨೦೨೩

ಅಪ್ಪಾ,

ಹಾಲು ಕೊಡಬಹುದು. ಮಾತ್ರೆ ಶುರುವಾಗಿದೆ. ದಿನಾ ಬೆಳಿಗ್ಗೆ ಸುಲಿಯಾ ಪೊಲೀಸಿನವನ ಹಾಗೆ ಎದುರು ನಿಂತು ನುಂಗಿಸ್ತಾನೆ.

ಈಗ ನಾನು ಹೇಳೋದು ಕೇಳು. ಅಮ್ಮ ಯಾರಿಗೂ ರೋಗ ಕೊಡಲಿಲ್ಲ. ಅವಳಿಗೆ ಅಜ್ಜಿಯಿಂದ ಬಂದಿರಬೇಕು, ಅಜ್ಜಿಗೆ ಅವಳಮ್ಮನಿಂದ. ಒಬ್ಬರಿಗೂ ಗೊತ್ತಿರಲಿಲ್ಲ, ಗೊತ್ತಿಲ್ಲದವರ ಮೇಲೆ ಎಂಥ ತಪ್ಪು? ಗೊತ್ತಿರೋದು ನನಗೆ, ಈಗ ನಿನಗೆ. ಅಜ್ಜಿಯ ಹೊಟ್ಟೆಯಲ್ಲೇ ದೊಡ್ಡಮ್ಮನೂ ಹುಟ್ಟಿದ್ದು. ಅವಳ ಮಗಳಿಗೆ ಬರೋ ವರ್ಷ ಮದುವೆ. ಅಮ್ಮನ ಹೆಸರು ಉಳಿಸೋಕೆ ಅಂತ ನಾವು ಬಾಯಿ ಮುಚ್ಚಿಕೊಂಡರೆ, ಅಮ್ಮ ಅದನ್ನು ಒಪ್ತಿದ್ದಳಾ? ನೀನೇ ಹೇಳು, ಅವಳ ಜೊತೆ ಬಾಳಿದವನು ನೀನು.

ಇನ್ನೊಂದು ಮಾತಿದೆ. ಹನ್ನೊಂದು ವರ್ಷದಿಂದ ಗಂಟಲಲ್ಲಿ ಮುಳ್ಳಿನ ಹಾಗೆ ಸಿಕ್ಕಿಕೊಂಡಿದೆ.

ಅಮ್ಮನ ಚಿತೆ ಇನ್ನೂ ಉರೀತಿತ್ತು. ದೊಡ್ಡಮ್ಮ ನಿನ್ನನ್ನು ಬಯ್ಯುತ್ತಾ ಅಳ್ತಿದ್ದಳು. ನನಗೆ ಹದಿನೇಳು ವರ್ಷ. ಎಲ್ಲರ ಎದುರಿಗೆ ಹೇಳಿದೆ, "ಅಮ್ಮನನ್ನು ಕೊಂದಿದ್ದು ನೀನು ಕೊಚ್ಚಿ ಕೊಟ್ಟ ಮೀನು" ಅಂತ. ನೀನು ಸೌದೆ ಸರಿಮಾಡ್ತಾ ಇದ್ದೆ, ತಿರುಗಿ ನೋಡಲಿಲ್ಲ. ಮಾರನೇ ದಿನ ನೀನು ಬಲೆ ಸುತ್ತಿ ಅಟ್ಟಕ್ಕೆ ಹಾಕಿದೆ. ಆಮೇಲೆ ನಾನು ಪಟ್ಟಣಕ್ಕೆ ಬಂದೆ, ಹಬ್ಬಕ್ಕೆ ಬರ್ತಿದ್ದೆ, ನಗ್ತಿದ್ದೆವು, ಊಟ ಮಾಡ್ತಿದ್ದೆವು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತಾರೆ. ಅದನ್ನು ಹೇಗೆ ವಾಪಸ್ ತಗೊಳ್ಳೋದು ಅಂತ ನನಗೆ ಗೊತ್ತಾಗಲೇ ಇಲ್ಲ. ಈಗ ತಗೋತೀನಿ. ಅದು ಸುಳ್ಳಾಗಿತ್ತು. ನನ್ನನ್ನು ಕ್ಷಮಿಸು.

ಕಪ್ಪೆಮರಿ


ದೋನ್ ಸಾಯ್
ಆಗಸ್ಟ್ ೯, ೨೦೨೩

ಕಪ್ಪೆಮರಿ,

ತಡವಾಯ್ತು. ಸುಮ್ಮನೆ ಕೂತಿರಲಿಲ್ಲ.

ಮೊದಲು ನಿನ್ನ ಕೊನೆಯ ಮಾತಿಗೆ. ಅವತ್ತು ನೀನು ಏನು ಹೇಳಿದೆಯೋ ನನಗೆ ಕೇಳಿಸಿಯೇ ಇರಲಿಲ್ಲ. ನನ್ನ ಕಿವಿ ಆಗಲೇ ಹೋಗಿತ್ತಲ್ಲ. ಅದಕ್ಕೇ ತಿರುಗಿ ನೋಡಲಿಲ್ಲ. ಬಲೆ ಅಟ್ಟಕ್ಕೆ ಹಾಕಿದ್ದು ಸೊಂಟನೋವಿಗೆ. ಇಷ್ಟಕ್ಕೆಲ್ಲ ಹನ್ನೊಂದು ವರ್ಷ ಕೊರಗಿದ್ದೀಯಲ್ಲ, ಹುಚ್ಚಿ.

ಈಗ ದೊಡ್ಡಮ್ಮನ ಕಥೆ. ನೀನು ಬರೆದಿದ್ದನ್ನು ತುಂಬ ದಿನ ಯೋಚಿಸಿದೆ. ಚಂಪೇಂಗ್ ಆಗಿದ್ದರೆ ನನ್ನ ತಲೆಗೆ ಮೊಟಕಿ ಎಂದೋ ಓಡಿಸ್ತಿದ್ದಳು. ಸರಿ ಅಂತ ಹೋದೆ. ಗುಟ್ಟಾಗಿ, ಅಕ್ಕ ತಂಗಿಯರ ಮಾತು ಮನೆಯೊಳಗೇ ಇರೋ ಹಾಗೆ ಹೇಳಬೇಕು ಅಂತ ಲೆಕ್ಕ ಹಾಕಿಕೊಂಡು ಹೋದೆ. ಅವಳ ಮನೆ ಏಣಿ ಕೆಳಗೆ ನಿಂತೆ, ಅವಳು ಮೇಲೆ ಪಾತ್ರೆ ತೊಳೀತಾ ಇದ್ದಳು. ನಿಧಾನಕ್ಕೆ, ಮೆತ್ತಗೆ, ಎಲ್ಲ ಹೇಳಿದೆ. ವೈರಸ್ಸು, ಅಜ್ಜಿ, ಚಂಪೇಂಗ್, ನೀನು, ನಿನ್ನ ಮಗು, ಎಲ್ಲ. ಮುಗಿಸಿ ನೋಡ್ತೀನಿ, ಅಕ್ಕಪಕ್ಕದ ಮನೆ ಕಿಟಕಿಗಳಲ್ಲೆಲ್ಲ ತಲೆಗಳು. ಬಟ್ಟೆ ಒಗೀತಿದ್ದ ಹೆಂಗಸರು ಹೊಳೆಯಿಂದ ಎದ್ದು ನಿಂತಿದ್ದಾರೆ. ಕಿವುಡನ ಪಿಸುಮಾತು ಎಷ್ಟು ಜೋರು ಅಂತ ಕಿವುಡನಿಗೇ ಗೊತ್ತಿರೋದಿಲ್ಲ.

ದೊಡ್ಡಮ್ಮ ಏನೋ ಹೇಳಿದಳು. ಬಾಯಿ ನೋಡಿದೆ, ಒಳ್ಳೆ ಮಾತಲ್ಲ. ಸತ್ತವಳ ಮೇಲೆ ಹೊರಿಸೋಕೆ ಬಂದಿದ್ದೀಯಾ ಅಂದಳಂತೆ, ಆಮೇಲೆ ಪಕ್ಕದ ಮನೆಯವನು ಬರೆದು ತೋರಿಸಿದ. ಪಾತ್ರೆ ತೊಳೆದ ನೀರು ಅಷ್ಟನ್ನೂ ನನ್ನ ಮೇಲೆ ಸುರಿದಳು. ನೆನೆದುಕೊಂಡು ಮನೆಗೆ ಬಂದೆ. ಚಂಪೇಂಗ್ ಫೋಟೋ ಮುಂದೆ ಕೂತು, ನಿನ್ನ ಹೆಸರು ಕೆಡಿಸಿಬಿಟ್ಟೆ ಕಣೇ ಅಂತ ಅತ್ತೆ.

ಮಾರನೇ ಬೆಳಿಗ್ಗೆ ದೋಣಿಗಟ್ಟೆಗೆ ಹೋದರೆ ಒಂಬತ್ತು ಜನ ನಿಂತಿದ್ದಾರೆ. ಬಸುರಿಯೊಬ್ಬಳು, ಲಿವರ್ ಕೆಟ್ಟು ಅಣ್ಣನನ್ನು ಕಳಕೊಂಡವನೊಬ್ಬ, ಹೀಗೆ. ರಕ್ತ ನೋಡಿಸಬೇಕು, ದೊಡ್ಡ ದ್ವೀಪಕ್ಕೆ ಬಿಡು ಅಂತ ಕೈಸನ್ನೆ ಮಾಡಿದರು. ಯಾರೂ ಚಂಪೇಂಗ್ ಬಗ್ಗೆ ಒಂದು ಕೆಟ್ಟ ಮಾತಾಡಲಿಲ್ಲ. ಬಸುರಿ ನನ್ನ ಕೈ ಹಿಡ್ಕೊಂಡಳು.

ಹೊಳೆ ಇನ್ನೂ ಉಕ್ಕಿರಲಿಲ್ಲ, ಎಲ್ಲರನ್ನೂ ದಾಟಿಸಿ ಆಸ್ಪತ್ರೆಯಲ್ಲಿ ನಾನೂ ಬೆರಳು ಚುಚ್ಚಿಸಿಕೊಂಡೆ. ಪಟ್ಟಿಯ ಮೇಲೆ ಎರಡು ಗೆರೆ ಬಂದರೆ ಇದೆ ಅಂತ, ಒಂದೇ ಬಂದರೆ ಇಲ್ಲ. ನನಗೆ ಒಂದೇ ಬಂತು. ಇಪ್ಪತ್ತು ವರ್ಷ ಅವಳ ಜೊತೆ ಒಂದೇ ತಟ್ಟೆಯ ಹಸಿಮೀನು ತಿಂದವನು ನಾನು. ಆ ಒಂದು ಗೆರೆಯನ್ನೇ ನೋಡ್ತಾ ನಿಂತಿದ್ದೆ, ಅಲ್ಲಿನ ನರ್ಸು ಮುಂದೆ ನಡಿ ಅಜ್ಜ ಅಂತ ತಳ್ಳಿದಳು.

ದೊಡ್ಡಮ್ಮ ನನ್ನ ದೋಣಿಗೆ ಬರಲಿಲ್ಲ. ಮೂರು ದಿನ ಬಿಟ್ಟು ಮಗಳನ್ನು ಕರ್ಕೊಂಡು ಬೇರೆ ದೋಣಿಯಲ್ಲಿ ಹೋದಳು ಅಂತ ಸುದ್ದಿ.

ಮಂಚ ನಾಳೆ ಬಸ್ಸಿಗೆ ಹಾಕ್ತೀನಿ. ನಿನ್ನಮ್ಮನ ನೀಲಿ ಅಂಚಿನ ಸುತ್ತುಸೀರೆ ಅದರೊಳಗೆ ಸುತ್ತಿಟ್ಟಿದ್ದೀನಿ. ಹೆರಿಗೆ ನೋವು ಬಂದಾಗ ಹತ್ತಿರ ಇಟ್ಟುಕೋ.

ಅಪ್ಪ


ವಿಯೆಂಟಿಯಾನ್
ಸೆಪ್ಟೆಂಬರ್ ೧, ೨೦೨೩

ಅಪ್ಪಾ, ಅಜ್ಜಾ,

ಆಗಸ್ಟ್ ಇಪ್ಪತ್ತೇಳು, ಬೆಳಿಗ್ಗೆ ಒಂಬತ್ತು ಇಪ್ಪತ್ತಕ್ಕೆ ಹೆಣ್ಣು ಮಗು. ಮೂರು ಕಿಲೋ. ಬಾಯಿ ನಿನ್ನದೇ, ಅಳೋದು ಇಂಜಿನ್ನಿನ ಹಾಗೆ.

ಹುಟ್ಟಿ ಐವತ್ತು ನಿಮಿಷಕ್ಕೆ ಲಸಿಕೆ ಹಾಕಿದರು. ಪಿಂಫಾ ಅಕ್ಕ ರಜೆಯಿದ್ದರೂ ಬಂದಿದ್ದರು, ಗಡಿಯಾರ ನೋಡ್ತಾ ಲೇಬರ್ ವಾರ್ಡಿನ ಬಾಗಿಲಲ್ಲೇ ನಿಂತಿದ್ದರಂತೆ. ಸೂಜಿ ಚುಚ್ಚಿದಾಗ ಮಗುವಿಗಿಂತ ಸುಲಿಯಾ ಜೋರಾಗಿ ಕಿರುಚಿದ. ಇನ್ನು ಮೂರು ಸಲ ಹಾಕಬೇಕು. ಆದರೆ ದಾಟಿದೆಯಾ ಇಲ್ಲವಾ ಅಂತ ಈಗಲೇ ಗೊತ್ತಾಗೋದಿಲ್ಲ. ಒಂಬತ್ತು ತಿಂಗಳು ತುಂಬಿದ ಮೇಲೆ ಅವಳ ರಕ್ತ ನೋಡ್ತಾರೆ. ಅಲ್ಲಿಯವರೆಗೆ ಕಾಯಬೇಕು. ದಿನಾ ಅವಳ ಕಣ್ಣಿನ ಬಿಳುಪು ನೋಡ್ತೀನಿ. ನೋಡಿ ಏನೂ ಗೊತ್ತಾಗಲ್ಲ ಅಂತ ಗೊತ್ತಿದ್ದರೂ ನೋಡ್ತೀನಿ.

ನಿನ್ನ ಮಂಚದ ಮೇಲೆ ಮಲಗಿ ಬರೀತಿದ್ದೀನಿ. ಕೆಳಗೆ ಸಣ್ಣ ಕೆಂಡ. ಮನೆ ಮಾಲೀಕ ಬಂದು ಮೂಗು ಎಳೆದು ನೋಡಿದ, ಹೊಗೆ ಸಿಗದೆ ವಾಪಸ್ ಹೋದ. ಮಂಚದ ಸಂದಿಯಲ್ಲಿ ಒಂದು ಕೋಳಿಗರಿ ಸಿಕ್ಕಿತು, ಎತ್ತಿಟ್ಟಿದ್ದೀನಿ.

ಅಪ್ಪ, ಇಂಜಿನ್ ದೋಣಿ ತಗೊಂಡಿದ್ದು ಅಮ್ಮ ಹೋದ ಮೇಲೆ. ಅವತ್ತು ನಿನಗೆ ಆಚೆ ದಡದ ಕಪ್ಪೆ ಕೂಗಿದ್ದೂ ಕೇಳಿಸ್ತಿತ್ತು. ಸುಳ್ಳು ಹೇಳೋದಾದರೆ ಸರಿಯಾಗಿ ಹೇಳು. ನಾನು ಇನ್ನು ಈ ಮಾತು ಎತ್ತೋದಿಲ್ಲ.

ದೋಣಿ ಪಂದ್ಯ ಮುಗಿಸಿಕೊಂಡು ಬಾ. ಮಗುವನ್ನು ಹರಸಿ ಕೈಗೆ ನೂಲು ಕಟ್ಟೋಕೆ ನೀನೇ ಬೇಕು.

ಲತ್ಸಮಿ


ದೋನ್ ಸಾಯ್
ನವೆಂಬರ್ ೨೩, ೨೦೨೩

ಮಗಳೇ,

ಮಗುವಿಗೆ ನೂಲು ಕಟ್ಟಿ ನಿನ್ನ ಮನೆಯಿಂದ ಹೊರಟವನು ಕ್ಷೇಮವಾಗಿ ಬಂದು ಸೇರಿದೆ. ಬಸ್ಸಿನಲ್ಲಿ ಪಕ್ಕದವನಿಗೆ ಮಗುವಿನ ವಿಷಯ ಹೇಳಿದೆ. ಅವನು ನಿದ್ದೆ ಬಂದ ಹಾಗೆ ನಟಿಸಿದ, ಪರವಾಗಿಲ್ಲ, ಹಿಂದಿನ ಸೀಟಿನವರಿಗೂ ಕೇಳಿಸಿರುತ್ತೆ. ಅವಳಿಗೆ ನಾನು ಮೀನುಮರಿ ಅಂತಲೇ ಹೆಸರಿಟ್ಟಿದ್ದೀನಿ, ನೀವು ದಾಖಲೆಗೆ ಬೇರೆ ಹೆಸರು ಏನಾದರೂ ಇಟ್ಟುಕೊಳ್ಳಿ. ಅವಳು ನನ್ನ ಹೆಬ್ಬೆರಳು ಹಿಡಿದಿದ್ದು ಇನ್ನೂ ಕೈಯಲ್ಲಿದೆ.

ನಿನ್ನೆ ಒಂದು ನಡೀತು. ಬೆಳಿಗ್ಗೆ ಏಣಿ ಅಲುಗಾಡ್ತು, ನೋಡಿದರೆ ಬುವಾಫನ್. ಹನ್ನೊಂದು ವರ್ಷದ ಮೇಲೆ ನನ್ನ ಮನೆ ಹತ್ತಿದಳು. ಅವಳ ಪಟ್ಟಿಗೆ ಎರಡು ಗೆರೆ ಬಂದಿದ್ದು ನಿನಗೆ ಗೊತ್ತು. ಲಿವರ್ ಸದ್ಯಕ್ಕೆ ಗಟ್ಟಿಯಿದೆ, ಮಾತ್ರೆ ಕೊಟ್ಟಿದ್ದಾರೆ. ಮಗಳಿಗೆ ಒಂದೇ ಗೆರೆ, ಲಸಿಕೆ ಹಾಕಿಸಿದ್ದಾರೆ.

ಬಂದವಳೇ ಚಂಪೇಂಗ್ ಫೋಟೋಗೆ ಕೈ ಮುಗಿದಳು. ಆಮೇಲೆ ಅಟ್ಟದ ಕಡೆ ಬೆರಳು ತೋರಿಸಿದಳು. ನನಗೆ ತಿಳೀಲಿಲ್ಲ. ಅವಳೇ ಹತ್ತಿ, ಧೂಳು ಕೊಡವಿ, ನನ್ನ ಬಲೆ ಎಳೆದು ಕೆಳಗೆ ಹಾಕಿದಳು. ಇಲಿ ಕಡಿದು ಹಾಕಿತ್ತು. ಮಡಿಲಿಂದ ಸೂಜಿ, ದಾರ ತೆಗೆದಳು, ಮನೆಯಿಂದಲೇ ತಂದಿದ್ದಳು ನೋಡು. ನೆಲದ ಮೇಲೆ ಕೂತು ಹೊಲಿಯೋಕೆ ಶುರು ಮಾಡಿದಳು. ನಾನು ಇನ್ನೊಂದು ತುದಿ ಹಿಡಿದು ಕೂತೆ. ಸಂಜೆವರೆಗೂ ಹೊಲಿದೆವು. ಮಧ್ಯೆ ಒಮ್ಮೆ ಅವಳ ಹೆಗಲು ನಡುಗ್ತಿತ್ತು, ನಾನು ನೋಡದವನ ಹಾಗೆ ಹೊಳೆ ಕಡೆ ತಿರುಗಿದೆ.

ಬಲೆ ಸಿದ್ಧವಾಗಿದೆ. ಆದರೆ ಮೀನುಮರಿಯ ರಕ್ತದ ಸುದ್ದಿ ಬರೋವರೆಗೂ ನೀರಿಗಿಳಿಸೋದಿಲ್ಲ ಅಂತ ಹರಕೆ ಹೊತ್ತಿದ್ದೀನಿ.

ಅಪ್ಪ


ವಿಯೆಂಟಿಯಾನ್
ಜೂನ್ ೬, ೨೦೨೪

ಅಪ್ಪಾ,

ಹೆಚ್ಚು ಬರೆಯೋದಿಲ್ಲ, ಬಸ್ಸು ಹೊರಡೋ ಮುಂಚೆ ಡ್ರೈವರ್ ಕೈಗೆ ಕೊಡಬೇಕು.

ನಿನ್ನೆ ಮೀನುಮರಿಯ ರಕ್ತ ತೆಗೆದಿದ್ದರು, ಇವತ್ತು ಕರೆಸಿದರು. ಪಿಂಫಾ ಅಕ್ಕ ಫೈಲು ಮೇಜಿನ ಮೇಲಿಟ್ಟು ನನ್ನ ಮುಖ ನೋಡಿದರು. "ದಾಟಿಲ್ಲ. ಲಸಿಕೆನೂ ಚೆನ್ನಾಗಿ ಹಿಡಿದಿದೆ. ಇನ್ನು ಇವಳಿಗೆ ಬರೋದಿಲ್ಲ" ಅಂದರು. ಸುಲಿಯಾ ನಾಲ್ಕು ಸಲ ಅದನ್ನೇ ಕೇಳಿದ. ಮೀನುಮರಿ ಫೈಲಿನ ಮೂಲೆ ಬಾಯಿಗೆ ಹಾಕಿಕೊಂಡಳು.

ಅಜ್ಜಿ, ಅಮ್ಮ, ನಾನು. ನನ್ನಲ್ಲಿಗೆ ನಿಂತಿತು ಅಪ್ಪ.

ಬಲೆ ಇಳಿಸು.

ನಿನ್ನ ಕಪ್ಪೆಮರಿ


ದೋನ್ ಸಾಯ್
ಜೂನ್ ೧೧, ೨೦೨೪

ಕಪ್ಪೆಮರಿ,

ಕಾಗದ ದೋಣಿಗಟ್ಟೆಯಲ್ಲೇ ಒಡೆದು ಓದಿದೆ. ಪ್ರಯಾಣಿಕರು ಕಾಯ್ತಿದ್ದರು, ಕಾಯಲಿ ಅಂತ ಬಿಟ್ಟೆ. ಇಂಜಿನ್ ನಿಲ್ಲಿಸಿ, ಹಳೇ ಹುಟ್ಟು ದೋಣಿ ಎಳೆದು, ಬುವಾಫನ್ ಮನೆ ಮುಂದೆ ಹೋಗಿ ಒಂದು ಸಲ ಕೂಗಿದೆ. ಅವಳು ಬುಟ್ಟಿ ಹಿಡಿದುಕೊಂಡೇ ಇಳಿದು ಬಂದಳು.

ಕೈ ಮರೆತಿರಬಹುದು ಅಂದ್ಕೊಂಡಿದ್ದೆ. ಮೊದಲ ಎಸೆತದಲ್ಲಿ ಬರೀ ಕಸ ಬಂತು. ಎರಡನೆಯದಕ್ಕೆ ಏಳು ಮೀನು. ದಡದಲ್ಲೇ ಬೆಂಕಿ ಹಾಕಿ ಸುಟ್ಟೆ. ನಿನ್ನ ಪಿಂಫಾ ಅಕ್ಕನಿಗೆ ಹೇಳು, ಹಸಿಯದಲ್ಲ, ಹೊರಗೆಲ್ಲ ಕಪ್ಪಾಗೋವರೆಗೂ ಸುಟ್ಟಿದ್ದು. ಬುವಾಫನ್ ನನ್ನ ಕೈಯಿಂದ ಒಂದು ತುಂಡು ತಗೊಂಡು ತಿಂದಳು. ತಿಂದು ಏನೋ ಹೇಳಿದಳು. ಬಾಯಿ ನೋಡಿದೆ, ಉಪ್ಪು ಕಮ್ಮಿ ಅಂತ.

ನಾಲ್ಕು ಮೀನು ಬೇಯಿಸಿ ಒಣಗಿಸಿ ಬಸ್ಸಿಗೆ ಹಾಕಿದ್ದೀನಿ. ಮುಳ್ಳು ತೆಗೆದು ಮೀನುಮರಿಗೆ ಒಂದು ಚೂರು ನೆಕ್ಕಿಸು, ಅಜ್ಜ ಹಿಡಿದಿದ್ದು ಅಂತ ಹೇಳು.

ಇನ್ನೊಂದು ಮಾತು. ನಿನಗೆ ಸುಳ್ಳು ಹೇಳಿದ್ದೆ, ನೀನು ಹಿಡಿದೆ. ಅವತ್ತು ನನಗೆ ಕೇಳಿಸಿತ್ತು ಮಗಳೇ. ಇಂಜಿನ್ನು ಎಷ್ಟು ಕಿರುಚಿದರೂ, ಕಿವಿ ಪೂರ್ತಿ ಹೋದ ಮೇಲೂ, ಆ ಒಂದು ಮಾತು ಮಾತ್ರ ದಿನಾ ಕೇಳಿಸ್ತಾನೇ ಇತ್ತು. ಮೊನ್ನೆ ಬಲೆ ಎಸೆದಾಗ ಕಿವಿಗೊಟ್ಟು ನೋಡಿದೆ. ಏನೂ ಕೇಳಿಸಲಿಲ್ಲ.

ನಿನ್ನ ಅಪ್ಪ
ಥಾವೋನ್